ಬಿ-ಕಾಂಪ್ಲೆಕ್ಸ್ ಇಂಜೆಕ್ಷನ್ನಿಗೆ ಬಗ್ಗದ ಸುಸ್ತು: ಆರೋಗ್ಯ ಇಲಾಖೆಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಇಲಾಖೆಯ ಆಯುಕ್ತರು ಹಾಗೂ ಎಲ್ಲ ಜಿಲ್ಲಾ ಆರೋಗ್ಯಾಧಿಕಾರಿಗಳು,
ಕರ್ನಾಟಕ ಸರ್ಕಾರ

ವಿಷಯ: ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಖಿನ್ನತೆಯನ್ನು ಗುರುತಿಸುವುದು ಮತ್ತು ಶುರುವಾದ ಚಿಕಿತ್ಸೆ ನಡುವೆ ನಿಲ್ಲದಂತೆ ನೋಡಿಕೊಳ್ಳುವುದು.

ಮಾನ್ಯರೇ,

ಪ್ರಾಥಮಿಕ ಆರೋಗ್ಯ ಕೇಂದ್ರದ ಓಪಿಡಿ ಸಾಲಿನಲ್ಲಿ ನಿಂತು "ನನಗೆ ಖಿನ್ನತೆ ಇದೆ" ಎನ್ನುವವರು ಇಲ್ಲವೆನ್ನುವಷ್ಟು ಕಡಿಮೆ. ಅವರು ಹೇಳುವುದು ಸುಸ್ತು, ತಲೆಭಾರ, ಕೈಕಾಲು ಸೆಳೆತ, ಎದೆ ಡವಡವ, ಹೊಟ್ಟೆಯುಬ್ಬರ, ಊಟ ಸೇರಲ್ಲ, ನಿದ್ದೆ ಹತ್ತಲ್ಲ. ಹೆಂಗಸರಾದರೆ ಜೊತೆಗೆ ಬಿಳಿಸೆರಗು, ಸೊಂಟನೋವು. ಬಿಪಿ ನೋಡುತ್ತಾರೆ, ಗ್ಯಾಸಿನ ಮಾತ್ರೆ ಬರೆಯುತ್ತಾರೆ, ರೋಗಿಯೇ ಕೇಳುವುದರಿಂದ ಒಂದು ಬಿ-ಕಾಂಪ್ಲೆಕ್ಸ್ ಇಂಜೆಕ್ಷನ್ನೂ ಬೀಳುತ್ತದೆ. ಎರಡು ದಿನ ಹಗುರಾಗಿ, ಹತ್ತು ದಿನಕ್ಕೆ ಅದೇ ಮನುಷ್ಯ ಅದೇ ಸಾಲಿನಲ್ಲಿ. ಆಮೇಲೆ ಖಾಸಗಿ ನರ್ಸಿಂಗ್ ಹೋಮ್, ಇಸಿಜಿ, ಎಂಡೋಸ್ಕೋಪಿ, ನಡುವೆ ಒಂದೆರಡು ದೇವಸ್ಥಾನ. ಎಲ್ಲ ರಿಪೋರ್ಟೂ ನಾರ್ಮಲ್ ಬಂದಾಗ ಮನೆಯವರ ಕೊನೆಯ ಮಾತು: "ನಿನಗೇನೂ ಆಗಿಲ್ಲ, ಮನಸ್ಸು ಗಟ್ಟಿ ಮಾಡ್ಕೋ."

ನಾವು ತಾಲ್ಲೂಕು ಆಸ್ಪತ್ರೆಗಳಲ್ಲಿ ಮತ್ತು ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಮಾನಸಿಕ ಆರೋಗ್ಯದ ಕೆಲಸ ಮಾಡುವ ವೈದ್ಯರು, ಆಪ್ತಸಮಾಲೋಚಕರು, ಶುಶ್ರೂಷಾಧಿಕಾರಿಗಳು. ಹೊಸ ಆಸ್ಪತ್ರೆಯನ್ನಾಗಲಿ ಹೊಸ ಹೆಸರಿನ ಯೋಜನೆಯನ್ನಾಗಲಿ ಕೇಳಲು ಈ ಪತ್ರ ಬರೆಯುತ್ತಿಲ್ಲ. ಆ ವಿಷಯದಲ್ಲಿ ನಮ್ಮ ರಾಜ್ಯ ಬಡವಲ್ಲ. ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಧಾರವಾಡದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ, ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ರೋಗಿಗಳನ್ನು ನೋಡುವ ಮಂಗಳವಾರದ ಮನೋಚೈತನ್ಯ ಕ್ಲಿನಿಕ್‌ಗಳಿವೆ, 2022ರ ಅಕ್ಟೋಬರ್ 10ರಿಂದ ಟೆಲಿ-ಮಾನಸ್ ಸಹಾಯವಾಣಿ ಇದೆ. ಎಡವುತ್ತಿರುವುದು ಎರಡು ಕಡೆ. ಮೊದಲ ಭೇಟಿಯಲ್ಲಿ ಕಾಯಿಲೆ ಕಣ್ಣಿಗೆ ಬೀಳುವುದಿಲ್ಲ. ಕಣ್ಣಿಗೆ ಬಿದ್ದು ಮಾತ್ರೆ ಶುರುವಾದರೂ ಎರಡನೇ ಸ್ಟ್ರಿಪ್ಪಿಗೆ ರೋಗಿ ವಾಪಸ್ ಬರುವುದಿಲ್ಲ. 2015-16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ 20ಕ್ಕೆ ಒಬ್ಬರು ಜೀವನದಲ್ಲಿ ಒಮ್ಮೆಯಾದರೂ ಖಿನ್ನತೆಗೆ ಒಳಗಾಗಿರುತ್ತಾರೆ. ಬೇರೆಬೇರೆ ಮಾನಸಿಕ ಕಾಯಿಲೆಗಳಲ್ಲಿ ಶೇ. 70ರಿಂದ 92ರಷ್ಟು ಜನ ಚಿಕಿತ್ಸೆಯಿಂದ ಹೊರಗೇ ಉಳಿದಿದ್ದಾರೆ ಎಂದೂ ಅದೇ ಸಮೀಕ್ಷೆ ಹೇಳಿತು.

ಮೊದಲು ಗುರುತಿಸುವ ಮಾತು. ಆಶಾ ಕಾರ್ಯಕರ್ತೆಯರು 30 ದಾಟಿದವರಿಗೆ ತುಂಬಿಸುವ, ಬಿಪಿ-ಶುಗರ್‌ನಂಥ ಕಾಯಿಲೆಗಳ ಅಪಾಯ ಅಳೆಯುವ ಸಿಬ್ಯಾಕ್ ನಮೂನೆಯ ಕೊನೆಯ ಭಾಗದಲ್ಲಿ ಇದಕ್ಕೆ ಬೇಕಾದ ಎರಡು ಪ್ರಶ್ನೆಗಳು ಈಗಾಗಲೇ ಅಚ್ಚಾಗಿವೆ. ಕಳೆದ ಎರಡು ವಾರಗಳಲ್ಲಿ ಯಾವ ಕೆಲಸದಲ್ಲೂ ಆಸಕ್ತಿ, ಖುಷಿ ಇಲ್ಲದೆ ಹೋಗಿದ್ದು ಎಷ್ಟು ದಿನ? ಬೇಜಾರು, ದುಃಖ, ಮುಂದೆ ದಾರಿಯೇ ಇಲ್ಲ ಅನ್ನಿಸಿದ್ದು ಎಷ್ಟು ದಿನ? ಇಲ್ಲವೇ ಇಲ್ಲ ಎಂದರೆ 0, ಕೆಲವು ದಿನ ಎಂದರೆ 1, ಅರ್ಧಕ್ಕಿಂತ ಹೆಚ್ಚು ದಿನ ಎಂದರೆ 2, ಹೆಚ್ಚುಕಡಿಮೆ ದಿನಾಲೂ ಎಂದರೆ 3. ಎರಡೂ ಸೇರಿ 3 ಅಥವಾ ಹೆಚ್ಚಾದರೆ ಮುಂದಿನ ತಪಾಸಣೆ ಬೇಕು. ಇಷ್ಟು ಸರಳವಾದದ್ದು ಕೆಲಸಕ್ಕೆ ಬಾರದೆ ಹೋಗುವುದು ಎಲ್ಲಿ ಎಂದರೆ, ಪ್ರಶ್ನೆ ಕೇಳುವ ಜಾಗದಲ್ಲಿ. ಹೊಸ್ತಿಲಲ್ಲಿ ನಿಂತು, ಅತ್ತೆ ಕೇಳಿಸಿಕೊಳ್ಳುತ್ತಿರುವಾಗ, ತಂಬಾಕು ಹಾಕ್ತೀರಾ ಎಂದು ಕೇಳಿದ ಅದೇ ದನಿಯಲ್ಲಿ ಕೇಳಿದರೆ ಯಾವ ಸೊಸೆಯೂ 0 ಬಿಟ್ಟು ಬೇರೆ ಉತ್ತರ ಕೊಡುವುದಿಲ್ಲ. ನಮೂನೆ ತುಂಬಿದ ಲೆಕ್ಕ ಮೇಲಕ್ಕೆ ಹೋಗುತ್ತದೆ, ಸೊನ್ನೆಗಳು ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಒಂದು ಹಳ್ಳಿಯ ಅಷ್ಟೂ ನಮೂನೆಗಳಲ್ಲಿ ಈ ಭಾಗ ಬರೀ ಸೊನ್ನೆ ಇದ್ದರೆ ಆ ಹಳ್ಳಿ ಸುಖವಾಗಿದೆ ಎಂದುಕೊಳ್ಳಬಾರದು, ಪ್ರಶ್ನೆ ಕೇಳಿಲ್ಲ ಎಂದು ಓದಿಕೊಳ್ಳಬೇಕು.

ಆದ್ದರಿಂದ ನಮ್ಮ ಮೊದಲ ಕೋರಿಕೆ ತೀರಾ ಸಣ್ಣದು. ಈ ಎರಡು ಪ್ರಶ್ನೆಗಳನ್ನು ಮನೆಯವರಿಂದ ಪಕ್ಕಕ್ಕೆ ಕರೆದು ಕೇಳಬೇಕು ಎಂಬ ಸೂಚನೆ ನಮೂನೆಯಲ್ಲೇ ಇರಲಿ. ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಬಿಪಿ ನೋಡುವ ಮೇಜು ಜನರ ನಡುವೆ ಇದ್ದರೆ ಅದಕ್ಕೊಂದು ಪರದೆ ಕಟ್ಟಿಸಿ. ಪ್ರಶ್ನೆಯನ್ನು ದೇಹದ ಕಡೆಯಿಂದ ಶುರು ಮಾಡಲು ಕಲಿಸಿ: ನಿದ್ದೆ ಹೇಗಿದೆ, ಬೆಳಗಿನ ಜಾವ ಮೂರು ಗಂಟೆಗೇ ಎಚ್ಚರವಾಗುತ್ತಾ, ಬೆಳಿಗ್ಗೆ ಜಾಸ್ತಿ ಭಾರ ಅನ್ನಿಸಿ ಸಂಜೆಗೆ ಸ್ವಲ್ಪ ಹಗುರಾಗುತ್ತಾ, ಸಂತೆಗೆ ಹೋಗಿ ಎಷ್ಟು ದಿನವಾಯ್ತು, ಮೊಮ್ಮಗು ಹತ್ತಿರ ಬಂದರೆ ಎತ್ತಿಕೊಳ್ಳಬೇಕು ಅನ್ನಿಸುತ್ತಾ. "ಏನೂ ಅನ್ನಿಸಲ್ಲ ಸಾರ್" ಎಂಬ ಉತ್ತರ ಅಳುವಿಗಿಂತ ಹೆಚ್ಚು ಗಮನಕ್ಕೆ ಯೋಗ್ಯ. ಗಂಡಸರಲ್ಲಿ ದುಃಖ ಕಾಣದೆ ಸಿಡುಕು ಕಾಣಬಹುದು, ಕುಡಿತ ಏರಿರಬಹುದು, ಹೊಲದ ಕಡೆ ತಲೆ ಹಾಕದೆ ಇರಬಹುದು. ವಯಸ್ಸಾದವರಲ್ಲಿ ಅದು ಮರೆವಿನ ಹಾಗೆ ಕಾಣುತ್ತದೆ. ಆದರೆ ಖಿನ್ನತೆಯಲ್ಲಿರುವ ಹಿರಿಯರು ಸಾಮಾನ್ಯವಾಗಿ ತಾವೇ "ನೆನಪೇ ನಿಲ್ಲಲ್ಲ" ಎಂದು ಕೊರಗುತ್ತಾರೆ. ಮರೆವಿನ ಕಾಯಿಲೆಯವರನ್ನು ಹೆಚ್ಚಾಗಿ ಮನೆಯವರು ಕರೆತರುತ್ತಾರೆ.

ಎರಡು ಪ್ರಶ್ನೆಯಲ್ಲಿ ಸಿಕ್ಕವರಿಗೆ ಪಿಎಚ್‌ಕ್ಯೂ-9, ಅಂದರೆ ಒಂಬತ್ತು ಪ್ರಶ್ನೆಗಳ ಪಟ್ಟಿ. ಆಸಕ್ತಿ, ಬೇಸರ, ನಿದ್ದೆ, ಸುಸ್ತು, ಹಸಿವು, ತನ್ನ ಬಗ್ಗೆ ಕೀಳರಿಮೆ, ಏಕಾಗ್ರತೆ, ನಿಧಾನ ಅಥವಾ ಚಡಪಡಿಕೆ, ಕೊನೆಗೆ ಸಾವಿನ ಯೋಚನೆ. ಒಟ್ಟು 27 ಅಂಕ. 5ರಿಂದ 9 ಸೌಮ್ಯ, 10ರಿಂದ 14 ಮಧ್ಯಮ, 15ರಿಂದ 19 ತೀವ್ರತೆಯ ಕಡೆಗೆ, 20 ಅಥವಾ ಹೆಚ್ಚಾದರೆ ತೀವ್ರ. ಆದರೆ ಅಂಕವೊಂದೇ ಕಾಯಿಲೆಯ ನಿರ್ಧಾರವಲ್ಲ. ಎರಡು ವಾರ ಹೆಚ್ಚುಕಡಿಮೆ ದಿನವಿಡೀ ಇದ್ದಿರಬೇಕು, ದಿನದ ಕೆಲಸ ಕೆಟ್ಟಿರಬೇಕು. ಮನೆಯಲ್ಲಿ ಸಾವಾಗಿ ತಿಂಗಳಾಗದವರ ದುಃಖ ಅಲೆಯಲೆಯಾಗಿ ಬರುತ್ತದೆ, ನಡುವೆ ನಗುವೂ ಇರುತ್ತದೆ, ತಾನು ಕೆಲಸಕ್ಕೆ ಬಾರದವನು ಎಂಬ ಭಾವ ಸಾಮಾನ್ಯವಾಗಿ ಇರುವುದಿಲ್ಲ. ಅವರಿಗೆ ಮಾತ್ರೆಗಿಂತ ಮೊದಲು ಜೊತೆಗಿರುವ ಜನ ಬೇಕು. ಎರಡು ವಾರ ಬಿಟ್ಟು ಮತ್ತೆ ನೋಡಿದರೆ ಚಿತ್ರ ತಿಳಿಯಾಗುತ್ತದೆ.

ಮಾತ್ರೆ ಬರೆಯುವ ಮುಂಚೆ ತಳ್ಳಿಹಾಕಬೇಕಾದ ಕೆಲವು ಸಂಗತಿಗಳಿವೆ. ಥೈರಾಯ್ಡ್ ಕಡಿಮೆಯಾದರೂ, ರಕ್ತಹೀನತೆ ಇದ್ದರೂ, ಬಿ-12 ಕೊರತೆಯಾದರೂ, ಶುಗರ್ ಹಿಡಿತ ತಪ್ಪಿದರೂ ಮನುಷ್ಯ ಹೀಗೇ ಕಾಣಬಹುದು. ಥೈರಾಯ್ಡಿಗೆ ಟಿಎಸ್‌ಎಚ್ ಪರೀಕ್ಷೆ ಮತ್ತು ಹಿಮೋಗ್ಲೋಬಿನ್ ಎರಡಾದರೂ ಆಗಲೇಬೇಕು. ಕುಡಿಯುವವರಲ್ಲಿ ಎರಡರಿಂದ ನಾಲ್ಕು ವಾರ ಕುಡಿತ ಬಿಟ್ಟ ಮೇಲೆ ಬೇಸರ ತಾನಾಗಿ ಇಳಿಯುವುದುಂಟು. ಅದಕ್ಕೇ ಆ ಲೆಕ್ಕ ಮೊದಲು ತೆಗೆದುಕೊಳ್ಳಬೇಕು. ದಿನಾ ಹೆಚ್ಚು ಕುಡಿಯುವವರನ್ನು ಒಮ್ಮೆಗೇ ನಿಲ್ಲಿಸಲು ಹೇಳಿ ಮನೆಗೆ ಕಳಿಸಿದರೆ ಫಿಟ್ಸ್ ಬರುವ ಅಪಾಯವಿದೆ, ವೈದ್ಯರ ಕಣ್ಣೆದುರಲ್ಲೇ ಬಿಡಿಸಬೇಕು. ಇನ್ನೊಂದು ಪ್ರಶ್ನೆಯನ್ನು ಅವಸರದಲ್ಲಿ ಎಲ್ಲರೂ ಬಿಡುತ್ತಾರೆ: "ಹಿಂದೆ ಯಾವತ್ತಾದರೂ ವಾರಗಟ್ಟಲೆ ನಿದ್ದೆಯೇ ಬೇಡವಾಗಿ, ಸುಸ್ತೇ ಇಲ್ಲದೆ, ವಿಪರೀತ ಮಾತಾಡಿ, ಕೈಗೆ ಸಿಕ್ಕ ದುಡ್ಡೆಲ್ಲ ಖರ್ಚು ಮಾಡಿದ್ದುಂಟಾ?" ಹೌದು ಎಂದರೆ ಇದು ಬೈಪೋಲಾರ್, ಅಂದರೆ ಖಿನ್ನತೆಯೂ ಉನ್ಮಾದವೂ ಬಂದುಹೋಗುವ ಕಾಯಿಲೆ ಇರಬಹುದು. ಅಂಥವರಿಗೆ ಖಿನ್ನತೆಯ ಮಾತ್ರೆ ಒಂದನ್ನೇ ಕೊಟ್ಟರೆ ಉನ್ಮಾದದ ಕಡೆ ಜಾರಬಹುದು, ಮನೋವೈದ್ಯರೇ ನೋಡಬೇಕು. ಈ ಪ್ರಶ್ನೆಯನ್ನು ಮನೆಯವರಿಗೂ ಕೇಳುವುದು ಒಳ್ಳೆಯದು, ರೋಗಿಗೆ ಅದು ತನ್ನ ಒಳ್ಳೆಯ ಕಾಲವೆಂದು ನೆನಪಿರುತ್ತದೆ.

ಇನ್ನು ಮಾತ್ರೆ. ಪ್ರಾಥಮಿಕ ಕೇಂದ್ರಕ್ಕೆ ಔಷಧದ ಅಂಗಡಿಯಷ್ಟು ಬಗೆ ಬೇಡ. ಎಸಿಟಲೋಪ್ರಾಮ್ 10 ಮಿ.ಗ್ರಾಂ, ಫ್ಲುಆಕ್ಸೆಟಿನ್ 20 ಮಿ.ಗ್ರಾಂ, ಬಾಣಂತಿಯರಿಗಾಗಿ ಸೆರ್ಟ್ರಾಲಿನ್ 50 ಮಿ.ಗ್ರಾಂ, ಈ ಮೂರು ತಪ್ಪದೆ ಇದ್ದರೆ ಬಹುಪಾಲು ಕೆಲಸ ನಡೆಯುತ್ತದೆ. ಎಸಿಟಲೋಪ್ರಾಮ್ ಮೊದಲ ವಾರ ಅರ್ಧ ಮಾತ್ರೆ, ಆಮೇಲೆ ಒಂದು. ವಯಸ್ಸಾದವರಲ್ಲಿ 10ನ್ನು ದಾಟಬಾರದು, ಸೋಡಿಯಂ ಇಳಿದು ಗೊಂದಲವಾಗುವುದನ್ನೂ ಗಮನಿಸಬೇಕು. ಫ್ಲುಆಕ್ಸೆಟಿನ್ ಬೆಳಗಿನ ತಿಂಡಿ ಆದಮೇಲೆ. ರಾತ್ರಿ ಕೊಟ್ಟರೆ ಇದ್ದ ನಿದ್ದೆಯೂ ಹೋಗುತ್ತದೆ. ಹಳೆಯ ಅಮಿಟ್ರಿಪ್ಟಿಲಿನ್ ಇನ್ನೂ ಹಲವೆಡೆ ಮೊದಲ ಆಯ್ಕೆಯಾಗಿದೆ. ನಿದ್ದೆ ಬರಿಸುತ್ತದೆ ನಿಜ, ಆದರೆ ಹಿರಿಯರಲ್ಲಿ ಮೂತ್ರ ಕಟ್ಟುವುದು, ಎದ್ದು ನಿಂತಾಗ ತಲೆಸುತ್ತಿ ಬೀಳುವುದು, ಹೃದಯದ ಬಡಿತ ಏರುಪೇರಾಗುವುದು ಅದರ ಜೊತೆಗೇ ಬರುತ್ತವೆ. ಆತಂಕ ತಗ್ಗಿಸಿ ನಿದ್ದೆ ಬರಿಸುವ ಆಲ್ಪ್ರಜೋಲಾಮ್ ಬಗ್ಗೆ ಇನ್ನೂ ಖಾರವಾಗಿ ಹೇಳಬೇಕು. ಅದು ಖಿನ್ನತೆಯ ಔಷಧವೇ ಅಲ್ಲ. ಒಂದೆರಡು ವಾರ ದಾಟಿ ಮುಂದುವರಿದರೆ ಬಿಡಿಸುವುದೇ ಬೇರೊಂದು ಕಾಯಿಲೆಯಾಗುತ್ತದೆ.

ಮೊದಲ ಹತ್ತು ದಿನ ಎಲ್ಲ ಕೆಡುವ ಕಾಲ. ವಾಕರಿಕೆ, ತಲೆನೋವು, ಸ್ವಲ್ಪ ಚಡಪಡಿಕೆ ಮೊದಲ ವಾರವೇ ಬರುತ್ತವೆ. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಅಂದರೆ ರೋಗಿ ಮೊದಲು ಅನುಭವಿಸುವುದು ತೊಂದರೆಯನ್ನು, ಲಾಭ ಬರುವುದು ಆಮೇಲೆ. ಇದನ್ನು ಯಾರೂ ಮುಂಚಿತವಾಗಿ ಹೇಳದಿದ್ದರೆ ನಾಲ್ಕನೇ ದಿನಕ್ಕೆ "ಹೀಟ್ ಆಯ್ತು" ಎಂದು ಮಾತ್ರೆ ನಿಲ್ಲುತ್ತದೆ. ಹೇಳಬೇಕಾದ ಮಾತುಗಳು ನಾಲ್ಕೇ: ಇದು ನಿದ್ದೆ ಮಾತ್ರೆಯಲ್ಲ, ಚಟ ಹಿಡಿಯಲ್ಲ, ಮೊದಲ ವಾರದ ವಾಕರಿಕೆ ತಾನಾಗಿ ಹೋಗುತ್ತೆ, ಚೆನ್ನಾಗಿ ಅನ್ನಿಸಿದ ದಿನವೇ ನಿಲ್ಲಿಸಬೇಡಿ. 25ರೊಳಗಿನ ವಯಸ್ಸಿನವರಲ್ಲಿ ಶುರುವಿನ ವಾರಗಳಲ್ಲಿ ಚಡಪಡಿಕೆ, ಸಾಯುವ ಯೋಚನೆ ಹೆಚ್ಚಾಗಬಹುದು. ಮನೆಯವರಿಗೆ ಅದನ್ನು ಗುಟ್ಟು ಮಾಡದೆ ಹೇಳಿ, ವಾರದೊಳಗೇ ಮತ್ತೆ ನೋಡಬೇಕು. ಪೂರ್ತಿ ಪ್ರಮಾಣದಲ್ಲಿ ನಾಲ್ಕರಿಂದ ಆರು ವಾರ ಆದರೂ ಅಂಕ ಇಳಿಯದಿದ್ದರೆ ಮೊದಲು ಮಾತ್ರೆ ನಿಜವಾಗಿ ನುಂಗುತ್ತಿದ್ದಾರಾ ಎಂದು ವಿಚಾರಿಸಿ, ಆಮೇಲೆ ಪ್ರಮಾಣ ಏರಿಸುವುದು ಅಥವಾ ತಾಲ್ಲೂಕಿಗೆ ಕಳಿಸುವುದು. ಗುಣವಾದ ಮೇಲೆ ಮತ್ತೆ ಆರರಿಂದ ಒಂಬತ್ತು ತಿಂಗಳು ಮುಂದುವರಿಸಬೇಕು, ನಿಲ್ಲಿಸುವಾಗ ವಾರಗಟ್ಟಲೆ ಇಳಿಸುತ್ತ ನಿಲ್ಲಿಸಬೇಕು.

ಇಲ್ಲಿ ದಾಸ್ತಾನಿನ ಮಾತು ಬರುತ್ತದೆ. ಒಬ್ಬ ರೋಗಿಗೆ ದಿನಕ್ಕೆ ಒಂದರಂತೆ ಒಂಬತ್ತು ತಿಂಗಳಿಗೆ ಸುಮಾರು 270 ಮಾತ್ರೆ. ಒಂದು ಕೇಂದ್ರದಲ್ಲಿ 20 ಜನ ಚಿಕಿತ್ಸೆಯಲ್ಲಿದ್ದಾರೆ ಎಂದುಕೊಂಡರೆ 5,400. ಬಿಪಿ ಮಾತ್ರೆಯ ಇಂಡೆಂಟಿನ (ಬೇಡಿಕೆ ಪಟ್ಟಿಯ) ಮುಂದೆ ಇದೊಂದು ಲೆಕ್ಕವೇ ಅಲ್ಲ. ಆದರೆ ಬಿಪಿ ಮಾತ್ರೆಗೆ ರೋಗಿಗಳ ಪಟ್ಟಿ ಹಿಡಿದು ಇಂಡೆಂಟ್ ಹಾಕುತ್ತಾರೆ, ಇದಕ್ಕೆ ಹಿಂದಿನ ವರ್ಷ ಖರ್ಚಾದದ್ದನ್ನು ನೋಡಿ ಹಾಕುತ್ತಾರೆ. ಹಿಂದಿನ ವರ್ಷ ದಾಸ್ತಾನೇ ಇರಲಿಲ್ಲವಾದರೆ ಖರ್ಚು ಎಲ್ಲಿಂದ ಬರಬೇಕು? ಎಸಿಟಲೋಪ್ರಾಮ್ ಒಂದು ವಾರ ತಪ್ಪಿದರೆ ತಲೆಸುತ್ತು, ಮೈಯಲ್ಲಿ ಕರೆಂಟ್ ಹೊಡೆದಂತಾಗುವುದು, ಅಳು, ಸಿಡುಕು ಶುರುವಾಗುತ್ತವೆ. ರೋಗಿ ಇದನ್ನು "ಮಾತ್ರೆ ಚಟ ಹಿಡಿಸಿತು" ಎಂದು ಓದಿಕೊಳ್ಳುತ್ತಾರೆ, ಊರಲ್ಲಿ ಇನ್ನು ಹತ್ತು ಜನ ಆ ಮಾತ್ರೆ ಮುಟ್ಟುವುದಿಲ್ಲ. ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ 2017ರ 18ನೇ ಕಲಂ ಅಗತ್ಯ ಔಷಧಗಳು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಕ್ಕೆ ಎಲ್ಲ ಕಾಲಕ್ಕೂ ಉಚಿತವಾಗಿ ಸಿಗಬೇಕು ಎನ್ನುತ್ತದೆ. ಮಂಗಳವಾರದ ಕ್ಲಿನಿಕ್ಕಿಗೆ ಬಸ್ ಹಿಡಿದು ಬರುವುದೆಂದರೆ ಒಂದು ದಿನದ ಕೂಲಿ ಹೋದಂತೆ; ಖಿನ್ನತೆಯಲ್ಲಿ ಮೊದಲು ಸೊರಗುವುದೇ ಎದ್ದು ಹೊರಡುವ ಶಕ್ತಿ. ಶುರು ಮಾಡುವುದು ತಾಲ್ಲೂಕಿನಲ್ಲಿ ಆದರೂ ಮುಂದಿನ ತಿಂಗಳುಗಳ ಮಾತ್ರೆ ರೋಗಿಯ ಊರಿನ ಪ್ರಾಥಮಿಕ ಕೇಂದ್ರದಲ್ಲೇ ಸಿಗುವಂತೆ ಮಾಡಿ. ದಾಸ್ತಾನು ತೀರಿದ ದಿನ ಆರೋಗ್ಯ ರಕ್ಷಾ ಸಮಿತಿಯ ಹಣದಿಂದ ಕೊಳ್ಳಲು ವೈದ್ಯಾಧಿಕಾರಿಗೆ ಲಿಖಿತ ಅನುಮತಿ ಕೊಡಿ. ಬಾಯಿಮಾತಿನ ಅನುಮತಿಯನ್ನು ಆಡಿಟ್ ಒಪ್ಪುವುದಿಲ್ಲ.

ಸೌಮ್ಯ ಖಿನ್ನತೆಗೆ ಮಾತ್ರೆಗಿಂತ ಮೊದಲು, ಮಧ್ಯಮಕ್ಕೆ ಮಾತ್ರೆಯ ಜೊತೆಗೆ, ಮಾತಿನ ಚಿಕಿತ್ಸೆ ಕೆಲಸ ಮಾಡುತ್ತದೆ. ಅದಕ್ಕೆ ಮನಃಶಾಸ್ತ್ರದ ಎಂ.ಎ. ಬೇಕೇ ಬೇಕೆಂದಿಲ್ಲ. ಪಕ್ಕದ ಗೋವಾದ ಪ್ರಾಥಮಿಕ ಕೇಂದ್ರಗಳಲ್ಲಿ ತರಬೇತಿ ಪಡೆದ ಸಾಮಾನ್ಯ ಜನರೇ ಆರರಿಂದ ಎಂಟು ಭೇಟಿಗಳಲ್ಲಿ ಇದನ್ನು ಮಾಡಿ ತೋರಿಸಿದರು; ಅದರ ಫಲಿತಾಂಶ 2017ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಪ್ರಕಟವಾಯಿತು. ಒಳಗಿನ ತರ್ಕ ಇಷ್ಟೇ: ಮನಸ್ಸು ಸರಿಹೋದ ಮೇಲೆ ಕೆಲಸ ಮಾಡೋಣ ಎಂದು ಕಾಯುವವರಿಗೆ ಆ ದಿನ ಬರುವುದೇ ಇಲ್ಲ. ಮೊದಲು ಸಣ್ಣ ಕೆಲಸ, ಅದರ ಹಿಂದೆ ಮನಸ್ಸು. ಮೊದಲ ಭೇಟಿಯಲ್ಲಿ ಒಂದು ವಾರ ಬೆಳಿಗ್ಗೆಯಿಂದ ರಾತ್ರಿಯವರೆಗೆ ಏನು ಮಾಡಿದರು, ಆಗ ಮನಸ್ಸು ಹತ್ತಕ್ಕೆ ಎಷ್ಟಿತ್ತು ಎಂದು ಬರೆಸುವುದು. ಓದು ಬಾರದವರಿಗೆ ಮಕ್ಕಳು ಬರೆಯಲಿ, ಇಲ್ಲವೇ ಕ್ಯಾಲೆಂಡರಿನಲ್ಲಿ ಬೊಟ್ಟು ಇಡಲಿ. ಆ ಹಾಳೆಯಲ್ಲಿ ಒಂದೆರಡು ಕಡೆ ಅಂಕ ಏರಿರುತ್ತದೆ: ಹಿತ್ತಲಲ್ಲಿ ಕೂತಾಗ, ತಂಗಿಯ ಫೋನ್ ಬಂದಾಗ, ಎಮ್ಮೆ ಮೈ ತೊಳೆದಾಗ. ಅದನ್ನೇ ಮುಂದಿನ ವಾರಕ್ಕೆ ದಿನ, ಗಂಟೆ ಹಾಕಿ ಬರೆಯುವುದು. "ವಾಕಿಂಗ್ ಮಾಡಿ" ಎಂದರೆ ಆಗುವುದಿಲ್ಲ. "ಬೆಳಿಗ್ಗೆ ಏಳಕ್ಕೆ ಡೈರಿಗೆ ಹಾಲು ಹಾಕಲು ನೀವೇ ಹೋಗಿ, ಹತ್ತು ನಿಮಿಷ" ಎಂದರೆ ಆಗುತ್ತದೆ. ಕೆಡುವುದು ಹೆಚ್ಚಾಗಿ ಉತ್ಸಾಹದಿಂದ: ಸಮಾಲೋಚಕರು ಮೊದಲ ವಾರವೇ ಐದು ಕೆಲಸ ಹೇರುತ್ತಾರೆ, ಒಂದೂ ಆಗುವುದಿಲ್ಲ, ರೋಗಿಗೆ ತನ್ನ ಅಯೋಗ್ಯತೆಗೆ ಇನ್ನೊಂದು ಸಾಕ್ಷಿ ಸಿಕ್ಕಂತಾಗುತ್ತದೆ. ಎರಡೇ ಕೆಲಸ ಸಾಕು. ಆಗದೆ ಹೋದರೆ ಅರ್ಧಕ್ಕೆ ಇಳಿಸುವುದು. ಬೆಳಿಗ್ಗೆ ಏಳುವ ಹೊತ್ತು ದಿನಾಲೂ ಒಂದೇ ಇರಬೇಕು, ಹಗಲು ನಿದ್ದೆ ಅರ್ಧ ಗಂಟೆ ದಾಟಬಾರದು, ಸಂಜೆ ನಾಲ್ಕರ ಮೇಲೆ ಕಾಫಿ-ಟೀ ಬೇಡ. ಸಮುದಾಯ ಆರೋಗ್ಯಾಧಿಕಾರಿಗಳಿಗೆ ಇದಿಷ್ಟನ್ನು ಸ್ಲೈಡ್ ತೋರಿಸಿ ಕಲಿಸಲಾಗುವುದಿಲ್ಲ. ತರಗತಿಯಾದ ಮೇಲೆ ಮೊದಲ ಕೆಲವು ರೋಗಿಗಳನ್ನು ಅವರು ನೋಡುವಾಗ ಅನುಭವಿಯೊಬ್ಬರು ವಾರಕ್ಕೊಮ್ಮೆ ಫೋನಿನಲ್ಲಾದರೂ ಜೊತೆಗಿರಬೇಕು.

ಬಾಣಂತಿಯರ ವಿಷಯ ಬೇರೆಯಾಗಿ ಹೇಳುತ್ತೇವೆ, ಏಕೆಂದರೆ 30 ದಾಟಿದವರಿಗೆಂದು ಇರುವ ನಮೂನೆ 22ರ ತಾಯಿಯನ್ನು ತಲುಪುವುದಿಲ್ಲ. ಹೆರಿಗೆಯಾಗಿ ಮೂರು-ನಾಲ್ಕು ದಿನಕ್ಕೆ ಬರುವ ಅಳು, ಸಿಡುಕು ಸಾಮಾನ್ಯ, ಎರಡು ವಾರದೊಳಗೆ ಇಳಿಯುತ್ತದೆ. ಇಳಿಯದಿದ್ದರೆ ಅದು ಬಾಣಂತನದ ಖಿನ್ನತೆ. ಆಶಾ ಹೇಗೂ 14ನೇ ದಿನ, 42ನೇ ದಿನ ಮಗುವನ್ನು ನೋಡಲು ಮನೆಗೆ ಹೋಗುತ್ತಾರೆ. ಆರು, ಹತ್ತು, ಹದಿನಾಲ್ಕನೇ ವಾರ ಲಸಿಕೆಗೆ ತಾಯಿಯೇ ಬರುತ್ತಾಳೆ. ಮಗುವಿನ ತೂಕ ಬರೆಯುವ ತಾಯಿ ಕಾರ್ಡಿನಲ್ಲಿ ತಾಯಿಯ ಮನಸ್ಸಿಗೂ ಒಂದು ಸಾಲು ಬಿಡಿ. ಬಾಣಂತನದ ಖಿನ್ನತೆ ಗುರುತಿಸಲು ಹತ್ತು ಪ್ರಶ್ನೆಗಳ ಎಡಿನ್‌ಬರೋ ಪಟ್ಟಿ ಕನ್ನಡದಲ್ಲಿ ಬಳಕೆಯಲ್ಲಿದೆ. ಮಗು ಮಲಗಿದಾಗಲೂ ತಾಯಿಗೆ ನಿದ್ದೆ ಬರುವುದಿಲ್ಲವೇ ಎಂಬುದು ಒಳ್ಳೆಯ ಸುಳಿವು. ಹಾಲೂಡಿಸುವ ತಾಯಿಗೆ ಸೆರ್ಟ್ರಾಲಿನ್ ಕೊಡಬಹುದು, ಹಾಲು ಬಿಡಿಸಬೇಕಿಲ್ಲ. ಹೊಂದಾಣಿಕೆಯಿಲ್ಲದ ಮಾತು, ಮಗುವಿನ ಬಗ್ಗೆ ವಿಚಿತ್ರ ಅನುಮಾನ, ನಿದ್ದೆಯೇ ಇಲ್ಲದ ಓಡಾಟ ಕಂಡರೆ ಅದು ತುರ್ತು, ಅದೇ ದಿನ ಆಸ್ಪತ್ರೆಗೆ ಸೇರಬೇಕು.

ಒಂಬತ್ತನೇ ಪ್ರಶ್ನೆಯನ್ನು, ಅಂದರೆ ಸಾವಿನ ಯೋಚನೆಯ ಪ್ರಶ್ನೆಯನ್ನು, ಸಿಬ್ಬಂದಿ ಕೇಳಲು ಅಂಜುತ್ತಾರೆ. ಕೇಳಿದರೆ ಇಲ್ಲದ್ದು ತಲೆಗೆ ಹೋಗುತ್ತದೆ ಎಂಬ ಭಯ. ಹಾಗೆ ಆಗುವುದಿಲ್ಲ, ಕೇಳಿದರೆ ಎದೆಯ ಭಾರ ಇಳಿಯುತ್ತದೆ. "ಬದುಕೋದೇ ಬೇಡ ಅನ್ನಿಸಿದೆಯಾ? ಏನಾದರೂ ಮಾಡ್ಕೋಬೇಕು ಅನ್ನಿಸಿತ್ತಾ? ಹೇಗೆ ಅಂತ ಯೋಚನೆ ಮಾಡಿದ್ದೀರಾ?" ಕೊನೆಯದಕ್ಕೆ ಹೌದು ಎಂದರೆ ಅಂಕ ಎಷ್ಟೇ ಇರಲಿ, ಒಬ್ಬರೇ ಮನೆಗೆ ಹೋಗಬಾರದು. ಮನೆಯವರನ್ನು ಕರೆಸಿ, ಅದೇ ದಿನ ಮನೋವೈದ್ಯರ ಜೊತೆ ಮಾತಾಡಿಸಿ. ಕ್ರಿಮಿನಾಶಕ ಮನೆಯಿಂದಾಚೆ, ಬೇರೊಬ್ಬರ ಬೀಗದಲ್ಲಿರಲಿ. ಮಾತ್ರೆ ಒಂದೆರಡು ವಾರಕ್ಕಷ್ಟೇ ಕೊಟ್ಟು ಮನೆಯವರ ಕೈಲಿಡಿ. ಪ್ರಯತ್ನ ಮಾಡಿ ಬದುಕಿ ಬಂದವರನ್ನು ಅಪರಾಧಿಗಳಂತೆ ನೋಡುವ ಅಭ್ಯಾಸ ಇನ್ನೂ ಹೋಗಿಲ್ಲ. 2017ರ ಕಾಯ್ದೆಯ 115ನೇ ಕಲಂ ಅವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷಿಸಬಾರದು, ಮರುಕಳಿಸದಂತೆ ಆರೈಕೆ ಕೊಡುವುದು ಸರ್ಕಾರದ ಹೊಣೆ ಎನ್ನುತ್ತದೆ. ಈ ಒಂದು ಕಲಮನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಪ್ರತಿ ತುರ್ತು ಚಿಕಿತ್ಸಾ ಕೊಠಡಿಯಲ್ಲಿ ಅಂಟಿಸಿ. ಅದರ ಕೆಳಗೆ ದೊಡ್ಡ ಅಕ್ಷರದಲ್ಲಿ ಟೆಲಿ-ಮಾನಸ್ 14416 ಇರಲಿ. ಹಗಲುರಾತ್ರಿ ಉಚಿತವಾಗಿ ಸಿಗುವ ಈ ಸಂಖ್ಯೆಯಲ್ಲಿ ಕನ್ನಡದಲ್ಲಿ ಮಾತಾಡಬಹುದು, ಮನೆಯವರೂ ಕರೆ ಮಾಡಬಹುದು.

ಕೊನೆಯದಾಗಿ ವರದಿ. ಈಗ ಮೇಲಕ್ಕೆ ಹೋಗುವ ಅಂಕಿ ಎಷ್ಟು ಜನ ಬಂದರು ಎಂಬುದು. ಅದರ ಜೊತೆ ಇನ್ನೆರಡು ಕಾಲಂ ಸೇರಿಸಿ: ಮಾತ್ರೆ ಶುರುಮಾಡಿದವರಲ್ಲಿ ಆರನೇ ತಿಂಗಳಲ್ಲಿ ಎಷ್ಟು ಜನ ಇನ್ನೂ ತೆಗೆದುಕೊಳ್ಳುತ್ತಿದ್ದಾರೆ, ಮತ್ತು ಎಷ್ಟು ಜನರ ಪಿಎಚ್‌ಕ್ಯೂ-9 ಅಂಕ ಶುರುವಿನ ಅರ್ಧಕ್ಕೆ ಇಳಿದಿದೆ. ಮಾತ್ರೆ ಶುರುವಾದ ಹತ್ತನೇ ದಿನದೊಳಗೆ ಒಂದು ಫೋನ್ ಕರೆ ಕಡ್ಡಾಯವಾಗಲಿ. ಆಪ್ತಸಮಾಲೋಚಕರೋ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿಯೋ ಮಾಡಲಿ, ರಿಜಿಸ್ಟರಿನಲ್ಲಿ ದಿನಾಂಕ ಬರೆಯಲಿ. ಫೋನ್ ಮನೆಯ ಗಂಡಸರ ಕೈಲಿರುವ ಕಡೆ "ಆಸ್ಪತ್ರೆಯಿಂದ, ಬಿಪಿ ವಿಚಾರಿಸಲು" ಎಂದಷ್ಟೇ ಹೇಳಿ ರೋಗಿಗೆ ಕೊಡಿಸುವುದು ವಾಸಿ. ಈ ಕರೆಗೆ ಬೇಕಾದ ಫೋನ್ ಮತ್ತು ರೀಚಾರ್ಜ್ ವೆಚ್ಚವನ್ನು ಕೇಂದ್ರದ ಲೆಕ್ಕಕ್ಕೇ ಹಾಕಲು ಆದೇಶಿಸಬೇಕೆಂದು ಕೋರುತ್ತೇವೆ. ಈಗ ಅದು ಬಹುತೇಕ ಸಿಬ್ಬಂದಿಯ ಸ್ವಂತ ಜೇಬಿನಿಂದ ಹೋಗುತ್ತಿದೆ.

ವಂದನೆಗಳೊಂದಿಗೆ,
ತಾಲ್ಲೂಕು ಮಟ್ಟದ ಮಾನಸಿಕ ಆರೋಗ್ಯ ಕಾರ್ಯಕರ್ತರು